ಟ್ರೈಕೋಡರ್ಮಾ ಪುಡಿ, ಒಂದು ಕಿಲೋ ಪೊಟ್ಟಣ: ಮೇವಿನ ಅಲಸಂದೆಯ ಬುಡಕೊಳೆಗೆ ಎಷ್ಟು ಕೆಲಸಕ್ಕೆ ಬರುತ್ತದೆ?

ಬಾಡಿ ಬಿದ್ದ ಗಿಡವನ್ನು ಈ ಪುಡಿ ಎಬ್ಬಿಸಿ ನಿಲ್ಲಿಸುವುದಿಲ್ಲ. ಅಂಗಡಿಯವರು ಏನೇ ಹೇಳಲಿ, ಇದು ಔಷಧಿಯಲ್ಲ, ಕೊಳೆ ತರುವ ಶಿಲೀಂಧ್ರಗಳನ್ನು ತಿನ್ನುವ ಇನ್ನೊಂದು ಜೀವಂತ ಶಿಲೀಂಧ್ರದ ಹೆಪ್ಪು. ಹದವಾದ ಹಾಲಿಗೆ ಹಾಕಿದರೆ ಮೊಸರಾಗುತ್ತದೆ. ಕುದಿಯುವ ಹಾಲಿಗೆ ಹಾಕಿದರೆ ಸಾಯುತ್ತದೆ, ಒಡೆದ ಹಾಲಿಗೆ ಹಾಕಿದರೆ ಹಾಲೂ ಹೋಯಿತು, ಹೆಪ್ಪೂ ಹೋಯಿತು. ಟ್ರೈಕೋಡರ್ಮಾಕ್ಕೆ ಹಾಲು ಎಂದರೆ ಕಳಿತ ಕೊಟ್ಟಿಗೆ ಗೊಬ್ಬರ. "ಪುಡಿ ಹಾಕಿದೆ, ಏನೂ ಆಗಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಬರಿ ಪುಡಿಯನ್ನೇ ಬರಿ ಮಣ್ಣಿಗೆ ಎರಚಿರುತ್ತಾರೆ.

ಅಂಕ ಕೊಡುವುದಾದರೆ: ನೀರು ಬಸಿಯುವ ಮಕ್ಕಿಗದ್ದೆಯಲ್ಲಿ ಮೇವಿನ ಅಲಸಂದೆಗೆ, ಮಳೆಗೆ ಮುಂಚೆಯೇ ಗೊಬ್ಬರದಲ್ಲಿ ಬೆಳೆಸಿ, ಬಿತ್ತುವಾಗ ಹಾಕಿದರೆ ಐದಕ್ಕೆ ನಾಲ್ಕು. ಬಿತ್ತನೆ ಬೀಜಕ್ಕೆ ಮಾತ್ರ ಲೇಪಿಸಿದರೆ ಮೂರು. ರೋಗ ಬಂದ ಮೇಲೆ ನೀರಿಗೆ ಕಲಸಿ ಬುಡಕ್ಕೆ ಸುರಿದರೆ ಒಂದೂವರೆ. ಹೊಸನಗರ, ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಉಳಿಸಿಕೊಳ್ಳುತ್ತೇನೆ ಎಂದು ಹೊರಟವರಿಗೆ ಅಂಕವೇ ಇಲ್ಲ, ಅಲ್ಲಿ ತಪ್ಪು ಪುಡಿಯದ್ದಲ್ಲ. ಕುದುರೆ ಮಸಾಲೆಗೆ ಬೇಕಾದದ್ದು ರಸಸಾರ (ಪಿಎಚ್) 6.5ರಿಂದ 7.5ರ ಮಣ್ಣು, ನಿಲ್ಲದ ನೀರು. ನಮ್ಮ ಜಂಬಿಟ್ಟಿಗೆ ಮಣ್ಣಿನ ಹುಳಿ ಮತ್ತು ಆರಿದ್ರಾ ಮಳೆ ಎರಡೂ ಅದಕ್ಕೆ ಒಗ್ಗುವುದಿಲ್ಲ. ಭದ್ರಾವತಿ, ಶಿಕಾರಿಪುರದ ಬಯಲಿನಲ್ಲಿ, ಮಳೆ ಕಳೆದ ಮೇಲೆ ಬಿತ್ತಿದರೆ ಮಾತು ಬೇರೆ.

ಮೇವಿನ ದ್ವಿದಳ ಬೆಳೆಗಳ ಬುಡದ ರೋಗಗಳ ಬಗ್ಗೆ ಸಿಗುವ ಬರಹಗಳಲ್ಲಿ ಬಹುಪಾಲು ಕ್ಲೋವರ್ ಬೆಳೆಯುವ ಚಳಿ ದೇಶಗಳದ್ದು, ಇಲ್ಲವೇ ಉತ್ತರ ಭಾರತದ ಬರ್ಸೀಮ್ ಎಂಬ ಮೇವಿನ ಕುರಿತದ್ದು. ಅಲ್ಲಿ ಕಾಂಡ ಕೊಳೆಸುವ ಮುಖ್ಯ ಶಿಲೀಂಧ್ರ ಸ್ಕ್ಲಿರೋಟಿನಿಯಾ ಟ್ರೈಫೋಲಿಯೋರಮ್. ತಂಪು, ಮಂಜು ಇದ್ದಾಗ ಏಳುತ್ತದೆ. ಕೊಳೆತ ಬುಡದಲ್ಲಿ ಇಲಿ ಹಿಕ್ಕೆಯಂಥ ಕಪ್ಪು ಗಟ್ಟಿಗಳನ್ನು ಬಿಡುತ್ತದೆ, ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಮಲೆನಾಡಿನ ಶತ್ರು ಬೇರೆ, ಹೆಸರು ಮಾತ್ರ ಹತ್ತಿರದ್ದು: ಸ್ಕ್ಲಿರೋಷಿಯಂ ರಾಲ್ಫ್‌ಸಿಯೈ. ಇದಕ್ಕೆ 27ರಿಂದ 30 ಡಿಗ್ರಿ ಸೆಕೆ ಬೇಕು, ಒದ್ದೆ ಬೇಕು, ಹುಳಿ ಮಣ್ಣು ಬೇಕು. ಮುಂಗಾರಿನ ಎರಡು ಮಳೆಗಳ ನಡುವೆ ನಾಲ್ಕು ದಿನ ಬಿಸಿಲು ಕಾದರೆ ಮೂರೂ ಒಟ್ಟಿಗೆ ಸಿಗುತ್ತವೆ. ಇದರ ಗಟ್ಟಿಗಳು ಸಾಸಿವೆ ಕಾಳಿನಂತೆ: ಮೊದಲು ಬಿಳಿ, ಆಮೇಲೆ ಕಂದು. ಐನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಬದುಕುವ ಈ ಶಿಲೀಂಧ್ರ ಶೇಂಗಾ, ಸುವರ್ಣಗೆಡ್ಡೆ, ವೀಳ್ಯದೆಲೆಯನ್ನೂ ಬಿಡುವುದಿಲ್ಲ. ಕರಪತ್ರಗಳಲ್ಲಿ ಈ ಎರಡು ಹೆಸರು ಅದಲುಬದಲಾಗಿರುವುದುಂಟು. ಸಾಸಿವೆಯೋ ಹಿಕ್ಕೆಯೋ ಎಂದು ಕಣ್ಣಾರೆ ನೋಡಿ ತೀರ್ಮಾನಿಸಿ.

ದುಡ್ಡು ಕೊಡುವ ಮೊದಲು ನಾಲ್ಕೈದು ರೋಗಿ ಗಿಡಗಳನ್ನು ಬೇರುಸಹಿತ ಎಬ್ಬಿಸಿ ನೋಡಲೇಬೇಕು, ಏಕೆಂದರೆ ಪುಡಿಯ ಫಲ ರೋಗಕ್ಕೆ ತಕ್ಕಂತೆ ಬದಲಾಗುತ್ತದೆ. ಮಣ್ಣಿನ ಮಟ್ಟದಲ್ಲಿ ಕಂದು ಪಟ್ಟಿ, ಅದರ ಮೇಲೆ ಬೀಸಣಿಗೆಯಂತೆ ಹರಡಿದ ಬಿಳಿ ನೂಲು, ಸಾಸಿವೆ ಕಾಳು ಕಂಡರೆ ರಾಲ್ಫ್‌ಸಿಯೈ. ಟ್ರೈಕೋಡರ್ಮಾಕ್ಕೆ ಇದೇ ಹೇಳಿ ಮಾಡಿಸಿದ ಎದುರಾಳಿ: ಅದರ ನೂಲನ್ನು ಸುತ್ತಿ, ಗೋಡೆ ಕರಗಿಸಿ ತಿನ್ನುತ್ತದೆ. ಕಾಂಡದ ಮೇಲೆ ಕೆಂಗಂದು ಬಣ್ಣದ ತಗ್ಗು ಗಾಯ ಇದ್ದು, ಕಾಳು ಇಲ್ಲದಿದ್ದರೆ ರೈಜೋಕ್ಟೋನಿಯಾ. ಅದಕ್ಕೂ ಪುಡಿ ಒಳ್ಳೆಯದೇ. ಭತ್ತದ ಎಲೆಕವಚ ಒಣಗುವ ರೋಗಕ್ಕೂ ರೈಜೋಕ್ಟೋನಿಯಾವೇ ಕಾರಣವಾದ್ದರಿಂದ, ಭತ್ತ ಕೊಯ್ದ ಗದ್ದೆಗೆ ಅಲಸಂದೆ ಬಿತ್ತುವವರು ಹಿಂದಿನ ಬೆಳೆ ಹೇಗಿತ್ತೆಂದು ನೆನಪಿಸಿಕೊಳ್ಳಬೇಕು.

ಸಸಿ ಬಿಸಿನೀರಿಗೆ ಹಾಕಿದಂತೆ ಮೆತ್ತಗಾಗಿ ಬಿದ್ದು, ಬೇರು ಎಳೆದರೆ ಮೇಲಿನ ಸಿಪ್ಪೆ ಜಾರಿ ನಡುವಿನ ನಾರು ಮಾತ್ರ ಕೈಗೆ ಬಂದರೆ ಅದು ಪಿಥಿಯಂ. ಶುಂಠಿ ಕೊಳೆತ ಹೊಲದಲ್ಲಿ ಅಲಸಂದೆ ಹಾಕಿದವರಿಗೆ ಇದರ ಪರಿಚಯ ಆಗಿಯೇ ಆಗುತ್ತದೆ. ಇದು ನಿಜವಾದ ಶಿಲೀಂಧ್ರವೇ ಅಲ್ಲ, ನೀರಿನ ಕಂದು ಪಾಚಿಗಳ ದೂರದ ನೆಂಟ. ಹಾಗಾಗಿಯೇ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಇದಕ್ಕೆ ತಾಗುವುದಿಲ್ಲ. ಟ್ರೈಕೋಡರ್ಮಾ ಅರೆಬರೆ ತಡೆಯುತ್ತದೆ, ಅದೂ ನೀರು ಬಸಿದುಹೋಗುತ್ತಿದ್ದರೆ ಮಾತ್ರ. ಕಾಂಡ ಸೀಳಿದಾಗ ಒಳನಾಳ ಕಂದುಗೆರೆಯಾಗಿ ಕಂಡರೆ ಫ್ಯುಸೇರಿಯಂ ಸೊರಗು ರೋಗ. ಒಳಹೊಕ್ಕ ಫ್ಯುಸೇರಿಯಂ ಅನ್ನು ಹೊರಗಿನ ಪುಡಿ ಮುಟ್ಟುವುದಿಲ್ಲ, ಮುಂದಿನ ಬೆಳೆಗೆ ಮಣ್ಣು ಸುಧಾರಿಸಲಷ್ಟೇ ಅದು ಉಪಯೋಗ. ಬೇಸಿಗೆಯಲ್ಲಿ ಬುಡ ಒಣಗಿ, ಸಿಪ್ಪೆ ಕೆಳಗೆ ಕರಿಮೆಣಸಿನ ಪುಡಿ ಉದುರಿಸಿದಂತಿದ್ದರೆ ಮ್ಯಾಕ್ರೋಫೋಮಿನಾ. ಅಲ್ಲಿ ಮೊದಲು ಬೇಕಾದದ್ದು ತೇವ.

ಅನುಮಾನವಿದ್ದರೆ ತೊಳೆದ ಬುಡದ ತುಂಡನ್ನು ಒದ್ದೆ ಕಾಗದ ಹಾಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಿ. ರಾಲ್ಫ್‌ಸಿಯೈ ಆದರೆ ಒಂದೆರಡು ದಿನದಲ್ಲೇ ಬಿಳಿ ನೂಲು ಹತ್ತಿಯಂತೆ ಎದ್ದು ಕಾಣುತ್ತದೆ.

ಇನ್ನು ಪೊಟ್ಟಣ. ಸಾಮಾನ್ಯವಾಗಿ ಸಿಗುವುದು 1% ಪುಡಿ: ಕಿಲೋದಲ್ಲಿ ಶಿಲೀಂಧ್ರದ ಪಾಲು 10 ಗ್ರಾಂ, ಉಳಿದದ್ದು ಟಾಲ್ಕ್ ಮತ್ತು ಚೂರು ಅಂಟು. ಕೊಳ್ಳುತ್ತಿರುವುದು ಬಹುಪಾಲು ಟಾಲ್ಕ್ ಎಂದು ಬೇಸರಪಡಬೇಕಿಲ್ಲ, ಎಣಿಕೆ ಮುಖ್ಯ. ನಮ್ಮ ದೇಶದ ಮಾನದಂಡದಂತೆ ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕು. ಲೇಬಲ್ಲಿನಲ್ಲಿ ಇದನ್ನು ಸಿಎಫ್‌ಯು 2×10⁶ ಎಂದು ಬರೆದಿರುತ್ತಾರೆ. ತೇವಾಂಶ ಶೇ. 8 ಮೀರಬಾರದು. ಪುಡಿ ಪೊಟ್ಟಣದೊಳಗೇ ಉಂಡೆಯಾಗಿದ್ದರೆ ಮೀರಿದೆ ಎಂದರ್ಥ, ವಾಪಸ್ ಕೊಡಿ. ಟ್ರೈಕೋಡರ್ಮಾ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕಾದ ವಸ್ತು. ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ ನಾಲ್ಕೂ ಇಲ್ಲದೆ "ಭೂಮಿ ಟಾನಿಕ್" ಎಂಬಂಥ ಹೆಸರಿನಲ್ಲಿ ಬರುವ ಪೊಟ್ಟಣಗಳಿಂದ ದೂರ ಇರುವುದು ಮೇಲು. ಟ್ರೈಕೋಡರ್ಮಾದ ಜಾತಿ ಹಾರ್ಜಿಯಾನಮ್ಮೋ ವಿರಿಡೆಯೋ ಎಂಬ ಚರ್ಚೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ವಿರಿಡೆ ಎಂಬ ಹೆಸರಲ್ಲಿ ಮಾರಾಟವಾಗುವ ಎಷ್ಟೋ ತಳಿಗಳು ಪರೀಕ್ಷೆಯಲ್ಲಿ ಅಸ್ಪೆರೆಲ್ಲಂ ಎಂಬ ಇನ್ನೊಂದು ಜಾತಿ ಎಂದು ಗೊತ್ತಾಗಿವೆ, ಅವೂ ಕೆಲಸ ಮಾಡುತ್ತವೆ.

ಹೆಸರಿಗಿಂತ ತಯಾರಾದ ದಿನ ಮುಖ್ಯ. ತಯಾರಾಗಿ ಎರಡು ಮೂರು ತಿಂಗಳೊಳಗಿನ ಪೊಟ್ಟಣ ಸಿಕ್ಕರೆ ಸಂತೋಷ. ಏಪ್ರಿಲ್, ಮೇ ತಿಂಗಳಲ್ಲಿ ಶೀಟ್ ಮಾಡಿನ ಗೋಡೌನಿನಲ್ಲಿ ಯೂರಿಯಾ ಚೀಲದ ಪಕ್ಕ ಬಿದ್ದಿದ್ದರೆ ಅವಧಿ ಇನ್ನೂ ಉಳಿದಿದೆ ಎಂಬುದಕ್ಕೆ ಬೆಲೆಯಿಲ್ಲ. ಮುಂಗಾರಿಗೆ ಬೇಕಾದದ್ದನ್ನು ಜನವರಿಯಲ್ಲೇ ರಿಯಾಯಿತಿಗೆ ಕೊಂಡಿಡುವುದು ಇದೇ ಕಾರಣಕ್ಕೆ ಲಾಭವಲ್ಲ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಹಲವು ತಾವೇ ತಯಾರಿಸುತ್ತವೆ. ಅಲ್ಲಿ ಸಿಕ್ಕಿದರೆ ತಾಜಾ ಸಿಗುವ ಸಾಧ್ಯತೆ ಹೆಚ್ಚು, ಮೊದಲೇ ವಿಚಾರಿಸಿಕೊಂಡು ಹೋಗಿ.

ಜೀವ ಇದೆಯೋ ಇಲ್ಲವೋ ನೋಡಲು ಅನ್ನ ಸಾಕು. ಅರೆಬೆಂದ ಅನ್ನ ಎರಡೆರಡು ಚಮಚ ಎರಡು ತೊಳೆದ ಬಟ್ಟಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಒಂದಕ್ಕೆ ಚಿಟಿಕೆ ಪುಡಿ ಉದುರಿಸಿ, ಎರಡಕ್ಕೂ ಕಾಗದ ಕಟ್ಟಿ ನೆರಳಲ್ಲಿಡಿ. ಎರಡು ಮೂರು ದಿನಕ್ಕೆ ಬಿಳಿ ನೂಲು, ನಾಲ್ಕೈದು ದಿನಕ್ಕೆ ಕಡು ಹಸಿರು. ಕೆಲವು ತಳಿಗಳಲ್ಲಿ ಕೊಬ್ಬರಿ ಪರಿಮಳವೂ ಬರುತ್ತದೆ. ಪುಡಿ ಹಾಕದ ಬಟ್ಟಲೂ ಹಸಿರಾದರೆ ಅದು ಅಡುಗೆಮನೆಯ ಬೂಸ್ಟು, ಪರೀಕ್ಷೆ ಮತ್ತೆ ಮಾಡಬೇಕು. ಪುಡಿ ಹಾಕಿದ್ದರಲ್ಲಿ ಕಪ್ಪು ಬೂಸ್ಟೇ ಜಾಸ್ತಿ ಎದ್ದರೆ ಪೊಟ್ಟಣದಲ್ಲಿ ಬೇರೆಯವರೂ ಸಂಸಾರ ಹೂಡಿದ್ದಾರೆ. ಗ್ರಾಂಗೆ ಎಷ್ಟು ಲಕ್ಷ ಎಂಬುದು ಇದರಿಂದ ತಿಳಿಯದು, ಬದುಕಿದೆಯೋ ಸತ್ತಿದೆಯೋ ಎಂಬುದಷ್ಟೇ ತಿಳಿಯುತ್ತದೆ.

ಎಕರೆಗೆ 2 ಕಿಲೋ ಪುಡಿ, 200 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, 20 ಕಿಲೋ ಬೇವಿನ ಹಿಂಡಿ. ಬುಟ್ಟಿಗೆ 20 ಕಿಲೋ ಹಿಡಿದರೆ ಹತ್ತು ಬುಟ್ಟಿ ಗೊಬ್ಬರ. ರೋಹಿಣಿ ಅಥವಾ ಮೃಗಶಿರ ಮಳೆಗೆ ಬಿತ್ತುವವರು ಕೃತ್ತಿಕೆ ಮಳೆ ಹೊತ್ತಿಗೆ, ಅಂದರೆ ಬಿತ್ತನೆಗೆ ಹದಿನೈದು ದಿನ ಮೊದಲು, ಗುಡ್ಡೆ ಹಾಕಬೇಕು. ಜಾಗ ನೆರಳಿನದ್ದಾಗಿರಲಿ, ಮಳೆನೀರು ನುಗ್ಗದಿರಲಿ. ಹಿಂಡಿಯನ್ನು ಪುಡಿ ಮಾಡಿ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ಪದರ ಪದರವಾಗಿ ಟ್ರೈಕೋಡರ್ಮಾ ಉದುರಿಸುತ್ತ ಸಲಿಕೆಯಲ್ಲಿ ಮಗುಚಿ. ಹದ ನೋಡುವುದು ಮುಷ್ಟಿಯಲ್ಲಿ: ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಬಾರದು. ಗುಡ್ಡೆಯ ಎತ್ತರ ಒಂದು, ಹೆಚ್ಚೆಂದರೆ ಒಂದೂವರೆ ಅಡಿ. ಮೇಲೆ ಒದ್ದೆ ಗೋಣಿ ಅಥವಾ ಅಡಕೆ ಹಾಳೆ ಮುಚ್ಚಿ. ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿ, ಒಣಗಿದಂತೆ ಕಂಡರೆ ನೀರು ಚಿಮುಕಿಸಿ. ಒಂದು ವಾರದ ಹೊತ್ತಿಗೆ ಅಲ್ಲಲ್ಲಿ ಬಿಳಿ, ಆಮೇಲೆ ಹಸಿರು ಮಚ್ಚೆ ಕಾಣಿಸಿಕೊಳ್ಳುತ್ತದೆ. ಹದಿನೈದು ದಿನಕ್ಕೆ ಹೊಲಕ್ಕೆ ಒಯ್ಯಬಹುದು.

ಇಲ್ಲಿ ಎಡವುವುದು ಮೂರು ಕಡೆ. ಹಸಿ ಸಗಣಿ ಬಳಸಿದರೆ ಗುಡ್ಡೆ ಕಾದು 55, 60 ಡಿಗ್ರಿ ಮುಟ್ಟುತ್ತದೆ, ಹೆಪ್ಪು ಕುದಿಯುವ ಹಾಲಿಗೆ ಬಿದ್ದಂತಾಗುತ್ತದೆ. ಕೈ ಒಳಗಿಟ್ಟಾಗ ಸುಡುವಂತಿದ್ದರೆ ಇನ್ನೂ ಪುಡಿ ಹಾಕುವ ಹೊತ್ತಲ್ಲ. ಎರಡನೆಯದು ಗುಡ್ಡೆಗೆ ಗೋಬರ್ ಗ್ಯಾಸಿನ ಬಗ್ಗಡ ಸುರಿಯುವುದು. ಗಾಳಿ ಆಡದೆ ಹುಳಿವಾಸನೆ ಬಂದರೆ ಅಲ್ಲಿ ಬೆಳೆಯುತ್ತಿರುವುದು ಬೇರೆ ಜೀವಿಗಳು. ಮೂರನೆಯದು ಬೆಲ್ಲ. ಬೆಲ್ಲದ ನೀರು ಹಾಕಿದರೆ ಬೇಗ ಹಬ್ಬುತ್ತದೆ ಎಂಬ ನಂಬಿಕೆ ಜೋರಾಗಿದೆ. ಚೆನ್ನಾಗಿ ಕಳಿತ ಗೊಬ್ಬರಕ್ಕೆ ಹಿಂಡಿ ಸೇರಿದ ಮೇಲೆ ಅದರ ಅಗತ್ಯವಿಲ್ಲ, ಹೆಚ್ಚಾದರೆ ಇರುವೆಗೂ ಬೂಸ್ಟಿಗೂ ಹಬ್ಬ. ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಇದೇ ಗುಡ್ಡೆಗೆ ಸುರಿಯುವುದೂ ಬೇಡ, ಬೇಕಿದ್ದರೆ ವಾರ ಬಿಟ್ಟು ಬೇರೆಯಾಗಿ ಕೊಡಿ.

ಬೀಜೋಪಚಾರಕ್ಕೆ ಕಿಲೋ ಬೀಜಕ್ಕೆ 4 ಗ್ರಾಂ ಪುಡಿ. ಎಕರೆಗೆ 16 ಕಿಲೋ ಮೇವಿನ ಅಲಸಂದೆ ಬಿತ್ತುವುದಾದರೆ 64 ಗ್ರಾಂ. ಆರಿದ ಅನ್ನದ ಗಂಜಿ ತಿಳಿಯನ್ನು ಬೀಜ ಮಿರುಗುವಷ್ಟು ಮಾತ್ರ ಚಿಮುಕಿಸಬೇಕು. ಅಲಸಂದೆಯ ಸಿಪ್ಪೆ ತೆಳು, ನೆನೆದರೆ ಸುಕ್ಕಾಗಿ ಸುಲಿಯುತ್ತದೆ. ಪುಡಿ ಹಚ್ಚಿ ನೆರಳಲ್ಲಿ ಅರ್ಧ ಗಂಟೆ ಆರಿಸಿ, ಕೊನೆಗೆ ಬೇರುಗಂಟು ಕಟ್ಟುವ ರೈಜೋಬಿಯಂ ಬ್ಯಾಕ್ಟೀರಿಯಾ ಲೇಪಿಸಿ ಅಂದೇ ಬಿತ್ತಿ. ಅಲಸಂದೆಯ ರೈಜೋಬಿಯಂ ಕುದುರೆ ಮಸಾಲೆಗೆ ಆಗುವುದಿಲ್ಲ, ಅದಕ್ಕೆ ಅದರದ್ದೇ ಬೇಕು. ಕಂಪನಿಯಿಂದಲೇ ಥೈರಮ್ ಎಂಬ ಶಿಲೀಂಧ್ರನಾಶಕ ಬಳಿದು ಗುಲಾಬಿ ಬಣ್ಣದಲ್ಲಿ ಬರುವ ಬೀಜಕ್ಕೆ ಈ ಲೇಪ ದಂಡ. ಅಂಥ ಬೀಜವಿದ್ದರೆ ಪುಡಿಯನ್ನೆಲ್ಲ ಗೊಬ್ಬರದ ಗುಡ್ಡೆಗೇ ಹಾಕಿ.

ಬೆಳೆದ ಗೊಬ್ಬರವನ್ನು ಹೊಲಕ್ಕೆಲ್ಲ ತೆಳ್ಳಗೆ ಎರಚುವ ಬದಲು ಬಿತ್ತುವ ಸಾಲಿನಲ್ಲೇ ಹಾಕಿ ಮಣ್ಣು ಮುಚ್ಚಿದರೆ 200 ಕಿಲೋ ಸಾಕಾಗುತ್ತದೆ. ಬೆಳಗ್ಗೆ ಹತ್ತರೊಳಗೆ ಅಥವಾ ಸಂಜೆ, ಮಣ್ಣು ಒದ್ದೆಯಿದ್ದಾಗ. ಒಣ ಮಣ್ಣಿಗೆ ಬಿಸಿಲಲ್ಲಿ ಹಾಕಿ ಮಳೆ ಕಾಯುತ್ತ ಕೂತರೆ ಹದಿನೈದು ದಿನದ ಕೆಲಸ ಒಂದು ಮಧ್ಯಾಹ್ನಕ್ಕೆ ಹಾಳು.

ಹುಳಿ ಮಣ್ಣು ರಾಲ್ಫ್‌ಸಿಯೈಗೆ ಇಷ್ಟ, ಟ್ರೈಕೋಡರ್ಮಾಕ್ಕೂ ಕಷ್ಟವಿಲ್ಲ. ಮಲೆನಾಡಿಗೆ ಈ ಪುಡಿ ಹೊಂದುವುದಕ್ಕೆ ಅದೂ ಒಂದು ಕಾರಣ. ಆದರೂ ಸುಣ್ಣ ಬಿಡಬಾರದು, ದ್ವಿದಳ ಬೆಳೆಯ ಬೇರುಗಂಟಿಗೆ ಅದು ಬೇಕು. ಮಣ್ಣು ಪರೀಕ್ಷೆಯ ಪ್ರಕಾರ ಎಷ್ಟು ಬೇಕೋ ಅಷ್ಟನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಿ. ಸುಣ್ಣವನ್ನೋ ಒಲೆಬೂದಿಯನ್ನೋ ಗುಡ್ಡೆಗೆ ಬೆರೆಸಿದರೆ ಕ್ಷಾರ ಏರಿ ಟ್ರೈಕೋಡರ್ಮಾ ಕುಗ್ಗುತ್ತದೆ. ಕಾರ್ಬೆಂಡಜಿಂ ಅಂತೂ ಇದಕ್ಕೆ ನೇರ ವಿಷ. "ಎರಡೂ ಇರಲಿ" ಎಂದು ಒಂದೇ ಬಕೆಟ್ಟಿಗೆ ಕಲಸುವವರು ಎರಡು ಪೊಟ್ಟಣದ ದುಡ್ಡು ಕೊಟ್ಟು ಒಂದರ ಫಲ ಪಡೆಯುತ್ತಾರೆ. ಪಿಥಿಯಂಗೆ ಬಳಸುವ ಮೆಟಲಾಕ್ಸಿಲ್ ಜೊತೆ ಅಷ್ಟು ವೈರವಿಲ್ಲ. ಅಡಕೆ ತೋಟದ ಅಂಚಿನಲ್ಲಿ ಮೇವು ಬೆಳೆಯುವವರು ಬೋರ್ಡೋ ಸಿಂಪಡಣೆಯ ದಿನ ಗಮನಿಸಬೇಕು. ಮರದಿಂದ ತೊಟ್ಟಿಕ್ಕುವ 1% ದ್ರಾವಣದಲ್ಲಿ ತಾಮ್ರವಿದೆ, ಅದು ಬೀಳುವ ಜಾಗಕ್ಕೆ ಅದೇ ವಾರ ಈ ಗೊಬ್ಬರ ಹಾಕುವುದು ವ್ಯರ್ಥ.

ಹಾಗಾದರೆ ರಾಸಾಯನಿಕವೇ ಸಲೀಸಲ್ಲವೇ? ಶುಂಠಿಗಾದರೆ ಆ ಲೆಕ್ಕ ಬೇರೆ. ಇದು ಮೇವು. ಅಲಸಂದೆ ಐವತ್ತು ದಿನದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ, ಕುದುರೆ ಮಸಾಲೆ ಮೊದಲ ಕೊಯ್ಲಾದ ಮೇಲೆ 25, 30 ದಿನಕ್ಕೊಮ್ಮೆ ಗೋದಲಿಗೆ ಹೋಗುತ್ತದೆ. ಬುಡಕ್ಕೆ ಸುರಿದ ವಿಷದ ಅವಧಿ ಕಳೆಯುವ ಮೊದಲೇ ಸೊಪ್ಪು ಹಸುವಿನ ಬಾಯಲ್ಲಿರುತ್ತದೆ, ಆಮೇಲೆ ಹಾಲಿನ ಕ್ಯಾನಿನಲ್ಲಿ. ಲೇಬಲ್ಲಿನಲ್ಲಿ ಮೇವಿನ ಬೆಳೆಯ ಹೆಸರಿಲ್ಲದ ಔಷಧಿಯನ್ನು ಮೇವಿಗೆ ಹಾಕಲೇಬಾರದು. ಈ ಪುಡಿ ನಿಧಾನ, ಅರೆಬರೆ ಎಂದು ಎಷ್ಟೇ ಗೊಣಗಿದರೂ ಕೊಟ್ಟಿಗೆ ಇರುವ ಮನೆಯವರು ಇದಕ್ಕೇ ಮರಳಲು ಕಾರಣ ಇಷ್ಟೇ.

ನಿಂತ ಬೆಳೆಯಲ್ಲಿ ರೋಗ ಕಂಡರೆ ಪುಡಿಗೆ ಮೊದಲು ಗುದ್ದಲಿ. ಬಾಡಿದ ಗಿಡ, ಅದರ ಸುತ್ತ ಒಂದಡಿಯ ಮೇಲ್ಮಣ್ಣು ಸಮೇತ ತೆಗೆದು ಚೀಲಕ್ಕೆ ತುಂಬಿ ಹೊರಗೆ ಒಯ್ದು ಸುಡಿ. ಸಾಸಿವೆ ಕಾಳು ದಾರಿಯಲ್ಲಿ ಉದುರಿದರೆ ಮುಂದಿನ ವರ್ಷ ದಾರಿಯುದ್ದಕ್ಕೂ ರೋಗ. ಕಿತ್ತ ಗಿಡವನ್ನು ಗೊಬ್ಬರಗುಂಡಿಗೆ ಎಸೆಯುವುದು ಊರೂರಲ್ಲೂ ನಡೆಯುವ ತಪ್ಪು. ಸುತ್ತಲಿನ ಆರೋಗ್ಯವಂತ ಗಿಡಗಳ ಬುಡಕ್ಕೆ ಲೀಟರಿಗೆ 10 ಗ್ರಾಂ ಪುಡಿ ಕಲಸಿದ ನೀರು ಹಾಕಬಹುದು. ಟಾಲ್ಕ್ ತಳಕ್ಕೆ ಕೂರುತ್ತದಾದ್ದರಿಂದ ಕಲಕುತ್ತಲೇ ಇರಬೇಕು.

ಪುಡಿ ಎಷ್ಟೇ ಒಳ್ಳೆಯದಿರಲಿ, ನೀರು ನಿಂತ ಮಣ್ಣಿನಲ್ಲಿ ಅದಕ್ಕೆ ಉಸಿರಾಡಲು ಗಾಳಿಯಿಲ್ಲ. ಮೂರು ನಾಲ್ಕು ಅಡಿ ಅಗಲ, ಅರ್ಧ ಅಡಿಗಿಂತ ತುಸು ಎತ್ತರದ ಮಡಿ, ನಡುವೆ ಒಂದಡಿಯ ಬಸಿಗಾಲುವೆ ಇಲ್ಲದಿದ್ದರೆ ಪೊಟ್ಟಣ ಕೊಳ್ಳುವ ದುಡ್ಡನ್ನು ಕಾಲುವೆ ತೆಗೆಯುವ ಆಳಿಗೆ ಕೊಡುವುದು ಜಾಣತನ. ಇನ್ನೊಂದು ಮಲೆನಾಡಿನದ್ದೇ ಅಭ್ಯಾಸ: ದರಕು (ಉದುರಿದ ಒಣ ಎಲೆ), ಸೊಪ್ಪು ತಂದು ಬುಡಕ್ಕೆ ಹೊದೆಸುವುದು. ಅಡಕೆಗೆ ಅದು ಸರಿ. ಅಲಸಂದೆಯ ಎಳೆ ಕಾಂಡಕ್ಕೆ ತಾಗಿ ಬಿದ್ದ ಅರೆಕೊಳೆತ ದರಕು ರಾಲ್ಫ್‌ಸಿಯೈಗೆ ಬುತ್ತಿ ಕಟ್ಟಿಕೊಟ್ಟಂತೆ. ಅದನ್ನೇ ತಿಂದು ಬಲ ಬಂದು ಆಮೇಲೆ ಕಾಂಡಕ್ಕೆ ಏರುತ್ತದೆ. ಬುಡದಿಂದ ನಾಲ್ಕು ಬೆರಳು ದೂರ ಬಿಡಿ. ಕಳೆದ ವರ್ಷ ರೋಗವಿದ್ದ ಜಾಗವನ್ನು ಅರ್ಧ ಮುಕ್ಕಾಲು ಅಡಿ ಆಳಕ್ಕೆ ಮಗುಚಿ ಉಳುವುದು ಒಳ್ಳೆಯದು. ಸಾಸಿವೆಯಂಥ ಆ ಗಟ್ಟಿಗಳು ಮೇಲ್ಪದರದಲ್ಲಷ್ಟೇ ಚೆನ್ನಾಗಿ ಮೊಳೆಯುತ್ತವೆ. ಕುದುರೆ ಮಸಾಲೆಯನ್ನು ಮಳೆ ಸುರಿಯುವಾಗ ಕೊಯ್ಯಬಾರದು, ಕೊಯ್ದರೂ ಎರಡು ಮೂರು ಇಂಚು ಮೋಟು ಬಿಡಬೇಕು. ಬುಡದ ಹಸಿ ಗಾಯವೇ ಕೊಳೆಗೆ ಬಾಗಿಲು.

ದ್ರವರೂಪದ್ದು ಕೊಳ್ಳಲೇ ಎಂದು ಕೇಳುವವರಿಗೆ: ಡ್ರಿಪ್ ಇದ್ದರೆ ದ್ರವವೇ ಸರಿ, ಟಾಲ್ಕ್ ಡ್ರಿಪ್ಪರಿನ ಕಣ್ಣು ಮುಚ್ಚಿಸುತ್ತದೆ. ಗೊಬ್ಬರಕ್ಕೆ ಬೆರೆಸಲು ಪುಡಿಯೇ ಸುಲಭ.

ಮಿಕ್ಕ ಪುಡಿಯನ್ನು ಪೊಟ್ಟಣದ ಬಾಯಿ ಮಡಿಸಿ ಕಟ್ಟಿ, ತಂಪಾದ ಕತ್ತಲೆ ಮೂಲೆಯಲ್ಲಿ, ಕ್ರಿಮಿನಾಶಕಗಳಿಂದ ದೂರ ಇಡಿ. ಒಡೆದ ಪೊಟ್ಟಣ ಆ ಹಂಗಾಮಿಗೇ ಮುಗಿಯಲಿ. ಉದುರಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮನೆಯಲ್ಲಿ ಅಣಬೆ ಬೆಳೆಯುವವರಿದ್ದರೆ ಗುಡ್ಡೆಯನ್ನು ಅಣಬೆ ಕೋಣೆಯ ಹತ್ತಿರ ಸುಳಿಯಗೊಡಬೇಡಿ. ಅಣಬೆಯ ಹುಲ್ಲಿನ ಚೀಲಕ್ಕೆ ಹಸಿರು ಬೂಸ್ಟು ತರುವ ಪ್ರಮುಖ ಶತ್ರು ಇದೇ ಟ್ರೈಕೋಡರ್ಮಾ. ಗುಡ್ಡೆ ತಿರುವಿದ ಬಟ್ಟೆಯಲ್ಲೇ ಆ ಕೋಣೆಗೆ ಹೋಗುವುದೂ ಬೇಡ.